ಉಪ್ಪೂ ಅರೆತಲೆನೋವೂ

ನಮ್ಮ ಚಿಕ್ಕಮ್ಮನಿಗೆ ತಿಂಗಳಿಗೆ ಎರಡು ಮೂರು ಬಾರಿಯಾದರೂ ಅರೆತಲೆನೋವು ಬರುತ್ತಿತ್ತು. ಬಂದ ದಿನ ಮನೆಯಲ್ಲಿ ಒಗ್ಗರಣೆಯ ಸದ್ದು ಕೇಳಿಸಬಾರದು. ಬಾಗಿಲ ಸಂದಿನಿಂದ ಬಿಸಿಲಕೋಲು ಒಳಗೆ ಬೀಳಬಾರದು. ನಡುಮನೆಯ ಕತ್ತಲೆಯಲ್ಲಿ ಹಣೆಗೆ ಒದ್ದೆ ಬಟ್ಟೆ ಬಿಗಿದುಕೊಂಡು, ಮಗ್ಗುಲಲ್ಲಿ ಒಂದು ಬೋಗುಣಿಯನ್ನು ಇಟ್ಟುಕೊಂಡು ಅವರು ಮಲಗಿಬಿಡುತ್ತಿದ್ದರು. ಮಕ್ಕಳಾದ ನಾವು ತುದಿಗಾಲಲ್ಲಿ ಓಡಾಡುತ್ತಿದ್ದೆವು. ಅಜ್ಜಿ ನಿಂಬೆಹಣ್ಣಿನ ರಸಕ್ಕೆ ಎರಡು ಹರಳು ಉಪ್ಪು ಹಾಕಿ, ಕದಡಿ, “ಮೈಯಲ್ಲಿ ಉಪ್ಪಿನ ಸತ್ತ್ವ ಕಡಿಮೆಯಾದರೆ ತಲೆ ಸಿಡಿಯುತ್ತದೆ, ಕುಡಿ ಮಗಳೇ” ಎಂದು ಕುಡಿಸುತ್ತಿದ್ದರು. ಊರಿಗೆ ಬಂದಾಗಲೆಲ್ಲ ದೊಡ್ಡಪ್ಪನವರ ಉಪದೇಶ ಇದಕ್ಕೆ ತೀರ ವಿರುದ್ಧವಾಗಿರುತ್ತಿತ್ತು: “ಹಪ್ಪಳ, ಉಪ್ಪಿನಕಾಯಿ ಬಿಟ್ಟು ನೋಡಮ್ಮ. ಎಲ್ಲವೂ ಉಪ್ಪಿನ ಉಪದ್ರವ!” ಹಿರಿಯರಿಬ್ಬರ ಮಾತನ್ನೂ ಮೀರಲಾರದೆ ಚಿಕ್ಕಮ್ಮ ಒಂದು ತಿಂಗಳು ಸಪ್ಪೆ ಊಟ ಮಾಡಿದರು, ಇನ್ನೊಂದು ತಿಂಗಳು ಉಪ್ಪುನೀರು ಕುಡಿದರು. ನೋವು ಮಾತ್ರ ತನ್ನ ಪಾಡಿಗೆ ತಾನು ಬರುತ್ತಲೇ ಇತ್ತು.

ಅಜ್ಜಿಯ ಮಾತು ನಿಜವೋ, ದೊಡ್ಡಪ್ಪನವರ ಮಾತು ನಿಜವೋ? ಅಡುಗೆಮನೆಯ ಈ ವಾದ ಸಣ್ಣದಾಗಿ ಕಾಣಬಹುದು. ಆದರೆ ಈ ನೋವನ್ನು ಅನುಭವಿಸುವವರು ಸಣ್ಣ ಸಂಖ್ಯೆಯವರಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಂಶೋಧಕರು 2009ರಲ್ಲಿ ಆರಂಭಿಸಿದ ಒಂದು ಸಮೀಕ್ಷೆಯಲ್ಲಿ ಬೆಂಗಳೂರು ನಗರದಲ್ಲೂ ಸುತ್ತಲಿನ ಗ್ರಾಮಗಳಲ್ಲೂ ಮನೆಮನೆಗೆ ಹೋಗಿ 2,329 ಮಂದಿ ವಯಸ್ಕರನ್ನು ವಿಚಾರಿಸಿದರು. ಹಿಂದಿನ ಒಂದು ವರ್ಷದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರನ್ನು ಅರೆತಲೆನೋವು ಕಾಡಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಅದು ಹೆಚ್ಚಾಗಿತ್ತು. ನಿಮ್ಮ ತರಗತಿಯ ಮಕ್ಕಳೆಲ್ಲರ ಮನೆಗಳನ್ನು ಎಣಿಸಿಕೊಂಡರೆ ಎಷ್ಟು ಮನೆಗಳ ಕಿಟಕಿಗಳು ಹೀಗೆ ಹಗಲಿನಲ್ಲಿ ಮುಚ್ಚಿಕೊಳ್ಳುತ್ತವೆಯೋ ಊಹಿಸಿರಿ.

ಅರೆತಲೆನೋವು ಎಂಬ ಹೆಸರು ಬಹು ಹಳೆಯದು. ಅದರ ಅರ್ಥವೂ ಎಲ್ಲ ಕಡೆ ಒಂದೇ. ಚರಕ, ಸುಶ್ರುತರ ಗ್ರಂಥಗಳಲ್ಲಿ ಇದಕ್ಕೆ ಅರ್ಧಾವಭೇದಕ ಎಂದು ಹೆಸರು. ಗ್ರೀಕರು ಇದನ್ನು ಹೆಮಿಕ್ರೇನಿಯ, ಅಂದರೆ ಅರ್ಧ ತಲೆಬುರುಡೆ, ಎಂದು ಕರೆದರು. ಆ ಮಾತೇ ಯೂರೋಪಿನ ನಾಲಗೆಗಳಲ್ಲಿ ಸವೆದು ಸವೆದು ಮೈಗ್ರೇನ್ ಆಯಿತು. ಸಾಮಾನ್ಯವಾದ ತಲೆನೋವು ತಲೆಯನ್ನು ಬಿಗಿದಂತೆ ಇರುತ್ತದೆ, ಇದು ಹಾಗಲ್ಲ. ತಲೆಯ ಒಂದು ಪಾರ್ಶ್ವದಲ್ಲಿ ನಾಡಿಯ ಮಿಡಿತಕ್ಕೆ ತಾಳ ಹಾಕಿದಂತೆ ಬಡಿಯುತ್ತದೆ. ಮೆಟ್ಟಿಲು ಹತ್ತಿದರೆ ಹೆಚ್ಚುತ್ತದೆ. ಓಕರಿಕೆ ಬರುತ್ತದೆ, ಬೆಳಕು, ಸದ್ದು ಸಹಿಸಲಾಗದು. ಚಿಕಿತ್ಸೆ ಮಾಡದಿದ್ದರೆ ನಾಲ್ಕು ಗಂಟೆಗಳಿಂದ ಹಿಡಿದು ಮೂರು ದಿನಗಳವರೆಗೂ ಇರಬಹುದು. ಮೂರು ನಾಲ್ಕು ರೋಗಿಗಳಲ್ಲಿ ಒಬ್ಬರಿಗೆ ನೋವಿಗೆ ಮೊದಲು ಕಣ್ಣಮುಂದೆ ಕೋಟೆಯ ತೆನೆಗಳಂತೆ ಅಂಕುಡೊಂಕಾದ, ಮಿನುಗುವ ಗೆರೆಗಳು ಕಾಣಿಸಿಕೊಳ್ಳುವುದುಂಟು. ಇದು ಸೋಮಾರಿತನವಲ್ಲ, ನಟನೆಯೂ ಅಲ್ಲ. ಈ ಮಾತನ್ನು ಹೇಳಬೇಕಾಗಿ ಬಂದಿರುವುದೇ ವಿಷಾದದ ಸಂಗತಿ. ಏಕೆಂದರೆ ಮೈಮೇಲೆ ಗಾಯವಿಲ್ಲದ, ಜ್ವರವಿಲ್ಲದ ನೋವನ್ನು ಮನೆಯವರೇ ಅನೇಕ ವೇಳೆ ನಂಬುವುದಿಲ್ಲ.

ಇನ್ನು ಉಪ್ಪಿನ ವಿಚಾರ. “ಉಪ್ಪು ತಿಂದವನು ನೀರು ಕುಡಿಯಲೇಬೇಕು” ಎಂಬ ಗಾದೆ ಎಲ್ಲರಿಗೂ ಗೊತ್ತು. ತಪ್ಪು ಮಾಡಿದವನು ಫಲ ಉಣ್ಣಬೇಕೆಂಬ ಅರ್ಥದಲ್ಲಿ ಅದನ್ನು ಬಳಸುತ್ತೇವೆ. ಅದನ್ನು ಅಕ್ಷರಶಃ ತೆಗೆದುಕೊಂಡರೆ ಅದೊಂದು ಶರೀರಶಾಸ್ತ್ರದ ಸೂತ್ರ. ಉಪ್ಪು ಎಂದರೆ ಸೋಡಿಯಂ ಕ್ಲೋರೈಡು. ಅದರ ತೂಕದ ಐದು ಪಾಲುಗಳಲ್ಲಿ ಸುಮಾರು ಎರಡು ಪಾಲು ಸೋಡಿಯಂ. ನಮ್ಮ ರಕ್ತದ ಉಪ್ಪುತನ ಎಷ್ಟೆಂಬುದನ್ನು ತಿಳಿಯಬೇಕಾದರೆ ಆಸ್ಪತ್ರೆಯಲ್ಲಿ ರೋಗಿಗೆ ಏರಿಸುವ ಸಲೈನ್ ಬಾಟಲಿಯನ್ನು ನೆನೆದುಕೊಳ್ಳಿರಿ. ಅದರಲ್ಲಿ ಒಂದು ಲೀಟರು ನೀರಿಗೆ 9 ಗ್ರಾಂ ಉಪ್ಪಿರುತ್ತದೆ. ರಕ್ತದ ಉಪ್ಪುತನವೂ ಹೆಚ್ಚು ಕಡಿಮೆ ಅಷ್ಟೇ. ಹಪ್ಪಳ, ಉಪ್ಪಿನಕಾಯಿಗಳನ್ನು ಧಾರಾಳವಾಗಿ ತಿಂದ ಮೇಲೆ ರಕ್ತದ ಉಪ್ಪುತನ ಸ್ವಲ್ಪ ಏರಹೊರಡುತ್ತದೆ. ಆಗ ಜೀವಕೋಶಗಳೊಳಗಿನ ನೀರು ಹೊರಕ್ಕೆ ಸೆಳೆಯಲ್ಪಡುತ್ತದೆ. ಮಿದುಳಿನ ತಳಭಾಗದಲ್ಲಿರುವ ಕೆಲವು ಕೋಶಗಳು ಇದನ್ನು ಕೂಡಲೇ ಗ್ರಹಿಸುತ್ತವೆ. ಶೇಕಡ ಒಂದೆರಡರಷ್ಟು ವ್ಯತ್ಯಾಸವೇ ಅವಕ್ಕೆ ಸಾಕು. ಅವು ಬಾಯಾರಿಕೆಯನ್ನು ಎಬ್ಬಿಸುತ್ತವೆ. ಇರುವ ನೀರನ್ನು ಹೊರಗೆ ಬಿಡಬೇಡವೆಂದು ಮೂತ್ರಪಿಂಡಗಳಿಗೆ ಹಾರ್ಮೋನಿನ ಮೂಲಕ ಆಜ್ಞೆ ಕಳುಹಿಸುತ್ತವೆ. ಹೆಚ್ಚಾದ ಉಪ್ಪು ಮುಂದೆ ಮೂತ್ರದಲ್ಲಿ ಹೊರಬೀಳುತ್ತದೆ.

ಮೂತ್ರಪಿಂಡಗಳ ಈ ಕೆಲಸ ಎಷ್ಟು ದೊಡ್ಡದೆಂದು ಹೇಳಿದರೆ ನಂಬುವುದು ಕಷ್ಟ. ಒಂದು ದಿನಕ್ಕೆ ಸುಮಾರು 180 ಲೀಟರು ದ್ರವ ಅವುಗಳ ಜರಡಿಯಲ್ಲಿ ಸೋಸಿಹೋಗುತ್ತದೆ. ಅದರಲ್ಲಿ ಕರಗಿರುವ ಉಪ್ಪೇ ಸುಮಾರು ಒಂದೂವರೆ ಕಿಲೋಗ್ರಾಂ! ಅದರಲ್ಲಿ ಬಹುಪಾಲನ್ನು ರಕ್ತಕ್ಕೆ ಹಿಂದಿರುಗಿಸಿ, ನಾವು ತಿಂದು ಹೆಚ್ಚಾದ ಕೆಲವೇ ಗ್ರಾಮುಗಳನ್ನು ಮಾತ್ರ ಅವು ಹೊರಗೆ ಚೆಲ್ಲುತ್ತವೆ. ಆದುದರಿಂದ ಸಪ್ಪೆ ಉಂಡವನ ರಕ್ತವೂ ಉಪ್ಪಾಗಿ ಉಂಡವನ ರಕ್ತವೂ ಮಾರನೆಯ ಬೆಳಗ್ಗೆ ಬಹುತೇಕ ಒಂದೇ ರುಚಿಯವು. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಅಜ್ಜಿಯ ವಾದ ಅರ್ಧ ಬಿದ್ದುಹೋಗುತ್ತದೆ. ದಿನವೂ ಎರಡು ಹೊತ್ತು ಅನ್ನ ಸಾರು ಉಣ್ಣುವ ಆರೋಗ್ಯವಂತರ ಮೈಯಲ್ಲಿ ಉಪ್ಪು ಸುಲಭವಾಗಿ ಬತ್ತುವುದಿಲ್ಲ. ಅರ್ಧ ಎಂದೆ; ಪೂರ್ತಿ ಅಲ್ಲ. ವಾಂತಿಭೇದಿಯಾದಾಗ, ಅಥವಾ ದೂರದ ಓಟದಲ್ಲಿ ಓಡುವವರು ಅಳತೆಮೀರಿ ಬರಿಯ ನೀರನ್ನೇ ಕುಡಿದಾಗ, ರಕ್ತದ ಸೋಡಿಯಂ ನಿಜವಾಗಿಯೂ ಇಳಿಯಬಹುದು. ಆಗ ನೀರು ಮಿದುಳಿನ ಕೋಶಗಳೊಳಕ್ಕೆ ನುಗ್ಗಿ ಅವು ಊದಿಕೊಳ್ಳುತ್ತವೆ. ತಲೆನೋವು, ಮಂಕು, ಕೆಲವೊಮ್ಮೆ ಪ್ರಾಣಾಪಾಯವೂ ಉಂಟು. ಆದರೆ ಅದು ಬೇರೆಯೇ ಒಂದು ಕಾಯಿಲೆ, ಅರೆತಲೆನೋವಲ್ಲ.

ಹಾಗಾದರೆ ಅರೆತಲೆನೋವಿಗೂ ಉಪ್ಪಿಗೂ ಸಂಬಂಧವೇ ಇಲ್ಲವೆ? ಇದೆ, ಆದರೆ ಅದು ಊಟದ ಎಲೆಯಿಂದ ಬಹು ದೂರದಲ್ಲಿ, ತಲೆಬುರುಡೆಯ ಒಳಗೆ ಇದೆ.

ನರಕೋಶವೊಂದು ಸುಮ್ಮನಿರುವಾಗ ಅದರ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ಸುದ್ದಿ ಸಾಗಬೇಕಾದಾಗ ಕೋಶದ ಪೊರೆಯಲ್ಲಿರುವ ಸಣ್ಣ ಬಾಗಿಲುಗಳು ತೆರೆಯುತ್ತವೆ. ಸೋಡಿಯಂ ಒಳಕ್ಕೆ ನುಗ್ಗುತ್ತದೆ. ಆ ನುಗ್ಗುವಿಕೆಯೇ ವಿದ್ಯುತ್ತಿನ ಅಲೆಯಾಗಿ ನರದ ಉದ್ದಕ್ಕೂ ಓಡುತ್ತದೆ. ಇಂಗ್ಲೆಂಡಿನ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಇದನ್ನು ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪನೆಯ ನರದಲ್ಲಿ ಅಳೆದು 1952ರಲ್ಲಿ ಪ್ರಕಟಿಸಿದರು. ಒಳಗೆ ಬಂದ ಸೋಡಿಯಮನ್ನು ಮತ್ತೆ ಹೊರಗೆ ಹಾಕುವ ಕೆಲಸ ಒಂದು ಪಂಪಿನದು. ಡೆನ್ಮಾರ್ಕಿನ ಜೆನ್ಸ್ ಸ್ಕೌ 1957ರಲ್ಲಿ ಅದನ್ನು ಏಡಿಯ ನರಗಳಲ್ಲಿ ಗುರುತಿಸಿದರು. ಅದಕ್ಕಾಗಿ ನಲವತ್ತು ವರ್ಷಗಳ ಅನಂತರ, 1997ರಲ್ಲಿ, ನೊಬೆಲ್ ಬಹುಮಾನದ ಪಾಲು ಪಡೆದರು. ಈ ಪಂಪು ಒಂದು ಸಲಕ್ಕೆ ಮೂರು ಸೋಡಿಯಂ ಅಯಾನುಗಳನ್ನು ಹೊರಕ್ಕೆ ತಳ್ಳಿ, ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನಾವು ಸುಮ್ಮನೆ ಕುಳಿತಿರುವಾಗ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಐದನೆಯ ಒಂದು ಭಾಗ ಮಿದುಳಿಗೇ ಬೇಕು. ಅದರಲ್ಲಿ ದೊಡ್ಡ ಪಾಲು ಈ ಪಂಪುಗಳಿಗೆ ಸಲ್ಲುತ್ತದೆ.

ಈಗ ಕಣ್ಣಮುಂದಿನ ಮಿನುಗುವ ಗೆರೆಗಳಿಗೆ ಮರಳೋಣ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ಲ್ಯಾಶ್ಲಿ ಅವರಿಗೂ ಆ ಗೆರೆಗಳು ಕಾಣಿಸುತ್ತಿದ್ದುವು. ನೋವು ಬಂದರೆ ಬರಲಿ ಎಂದು ಅವರು ಕೈಕಟ್ಟಿ ಕೂರಲಿಲ್ಲ. ಗೆರೆಗಳು ನಿಮಿಷ ನಿಮಿಷಕ್ಕೂ ಹೇಗೆ ಹರಡುತ್ತವೆಂಬುದನ್ನು ಕಾಗದದ ಮೇಲೆ ಗುರುತು ಮಾಡಿಕೊಂಡರು. ಮಿದುಳಿನ ಹಿಂಭಾಗದ ದೃಷ್ಟಿಕೇಂದ್ರದ ಮೇಲೆ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರು ವೇಗದಲ್ಲಿ ತೆವಳುತ್ತಿದೆಯೆಂದು ಲೆಕ್ಕ ಹಾಕಿ 1941ರಲ್ಲಿ ಪ್ರಕಟಿಸಿದರು. ಮೂರು ವರ್ಷಗಳ ಅನಂತರ ಬ್ರೆಜಿಲ್ ದೇಶದ ಅರಿಸ್ಟಿಡಿಸ್ ಲಿಯಾಓ ಮೊಲದ ಮಿದುಳಿನಲ್ಲಿ ಒಂದು ವಿಚಿತ್ರವನ್ನು ಕಂಡರು. ಒಂದು ಕಡೆ ಕೆರಳಿಸಿದರೆ ಅಲ್ಲಿಂದ ಒಂದು ಮೌನದ ಅಲೆ ಹರಡುತ್ತದೆ. ಅದು ಹಾದುಹೋದಲ್ಲೆಲ್ಲ ನರಕೋಶಗಳು ಸ್ವಲ್ಪ ಹೊತ್ತು ಮೂಕವಾಗುತ್ತವೆ. ಅದರ ವೇಗವೂ ನಿಮಿಷಕ್ಕೆ ಮೂರು ಮಿಲಿಮೀಟರಿನ ಆಸುಪಾಸು! ಒಬ್ಬರು ತಮ್ಮ ಸಂಕಟವನ್ನೇ ಅಳೆದರು, ಇನ್ನೊಬ್ಬರು ಮೊಲದ ಮಿದುಳನ್ನು ಅಳೆದರು. ಎರಡು ಅಳತೆಗಳೂ ಒಂದೇ ಆಗಿ ನಿಂತುವು. ವಿಜ್ಞಾನದ ಚರಿತ್ರೆಯಲ್ಲಿ ಇಂಥ ಕೂಟ ಅಪರೂಪ.

ಆ ಅಲೆ ಹಾಯುವಾಗ ನಡೆಯುವುದೇನು? ಪೊಟ್ಯಾಸಿಯಂ ಕೋಶಗಳಿಂದ ಹೊರಕ್ಕೆ ಚೆಲ್ಲುತ್ತದೆ. ಹೊರಗಿದ್ದ ಸೋಡಿಯಂ ಪ್ರವಾಹದಂತೆ ಒಳಗೆ ನುಗ್ಗುತ್ತದೆ. ಪಂಪುಗಳು ದುಡಿದು ದುಡಿದು ಮತ್ತೆ ಹಳೆಯ ಸ್ಥಿತಿಯನ್ನು ತರುವವರೆಗೆ ಆ ಭಾಗ ಮೌನ. ಕೆಲವೇ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುವ ಒಂದು ಬಗೆಯ ಅರೆತಲೆನೋವಿದೆ; ಅದು ಬಂದಾಗ ಮೈಯ ಒಂದು ಪಾರ್ಶ್ವ ಕೆಲಕಾಲ ಸೋತುಹೋಗುತ್ತದೆ. ಅದಕ್ಕೆ ಕಾರಣವಾದ ದೋಷವನ್ನು 1996ರಲ್ಲಿ ಕ್ಯಾಲ್ಸಿಯಮಿನ ಬಾಗಿಲಲ್ಲೂ, 2003ರಲ್ಲಿ ನಾವು ಮೇಲೆ ಹೇಳಿದ ಪಂಪಿನಲ್ಲೂ, 2005ರಲ್ಲಿ ಸೋಡಿಯಮಿನ ಬಾಗಿಲಲ್ಲೂ ಕಂಡುಹಿಡಿದರು. ಮೂರೂ ಅಯಾನುಗಳ ಸಂಚಾರಕ್ಕೆ ಸಂಬಂಧಪಟ್ಟವೇ. ಮಿದುಳಿನ ಹೊದಿಕೆಯಲ್ಲಿರುವ ತ್ರಿಶಾಖಾ ನರದ ತುದಿಗಳು ಕೆರಳಿದಾಗ ನೋವು ಹುಟ್ಟುತ್ತದೆ. ಮಿದುಳಿಗೆ ಸ್ವತಃ ನೋವಿನ ಅರಿವಿಲ್ಲ.

ಮಿದುಳನ್ನು ಸುತ್ತುವರಿದಿರುವ ತಿಳಿಯಾದ ದ್ರವದಲ್ಲೂ ಸೋಡಿಯಂ ಇದೆ. ಅಮೆರಿಕದ ಪ್ಯಾಸಡೀನ ನಗರದ ಮೈಕೇಲ್ ಹ್ಯಾರಿಂಗ್ಟನ್ ಮತ್ತು ಸಂಗಡಿಗರು ಬೆನ್ನುಹುರಿಯ ಬಳಿಯಿಂದ ಆ ದ್ರವವನ್ನು ತೆಗೆದು ಪರೀಕ್ಷಿಸಿದರು. ಅರೆತಲೆನೋವು ಇರುವಾಗ ಅದರ ಸೋಡಿಯಂ ಸ್ವಲ್ಪ ಏರಿರುತ್ತದೆಂದೂ, ಅದೇ ವೇಳೆ ರಕ್ತದ ಸೋಡಿಯಮಿನಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲವೆಂದೂ 2006ರಲ್ಲಿ ವರದಿ ಮಾಡಿದರು. 2017ರಲ್ಲಿ ಜರ್ಮನಿಯ ಸಂಶೋಧಕರು ಸೂಜಿ ಚುಚ್ಚದೆಯೇ, ಸೋಡಿಯಮನ್ನು ಕಾಣಬಲ್ಲ ಒಂದು ಬಗೆಯ ಎಂ.ಆರ್.ಐ. ಯಂತ್ರದಿಂದ, ಹನ್ನೆರಡು ಮಂದಿ ರೋಗಿಗಳನ್ನೂ ಹನ್ನೆರಡು ಮಂದಿ ಆರೋಗ್ಯವಂತರನ್ನೂ ಹೋಲಿಸಿದರು. ಆಗಲೂ ರೋಗಿಗಳ ಆ ದ್ರವದಲ್ಲಿ ಸೋಡಿಯಂ ಹೆಚ್ಚಾಗಿತ್ತು. ಇಲ್ಲಿ ಅವಸರ ಪಡುವವರು ಎಡವುತ್ತಾರೆ. “ಮಿದುಳಿನಲ್ಲಿ ಉಪ್ಪು ಹೆಚ್ಚಿದೆ, ಆದ್ದರಿಂದ ಊಟದಲ್ಲಿ ಉಪ್ಪು ಬಿಡಿ” ಎಂದುಬಿಡುತ್ತಾರೆ. ಆದರೆ ರಕ್ತದಲ್ಲಿ ಏರದ ಸೋಡಿಯಂ ಮಿದುಳಿನ ದ್ರವದಲ್ಲಿ ಏರಿದೆಯೆಂದರೆ ಅದು ನಿನ್ನೆ ತಿಂದ ಉಪ್ಪಿನಕಾಯಿಯಿಂದ ನೇರವಾಗಿ ಬಂದದ್ದೆಂದು ಹೇಳಲು ಆಧಾರವೆಲ್ಲಿ? ರಕ್ತಕ್ಕೂ ಮಿದುಳಿಗೂ ನಡುವೆ ಬಲವಾದ ತಡೆಗೋಡೆಯಿದೆ. ಒಳಗಿನ ಲೆಕ್ಕವನ್ನು ಮಿದುಳು ತಾನೇ ಬೇರೆಯಾಗಿ ಇಟ್ಟುಕೊಳ್ಳುತ್ತದೆ.

ಊಟದ ಉಪ್ಪಿನ ಮೇಲಿನ ಆರೋಪವನ್ನು ಊಟದಲ್ಲಿಯೇ ಪರೀಕ್ಷಿಸಬೇಕು. ಹಾಗೆ ಪರೀಕ್ಷಿಸಿದವರೂ ಇದ್ದಾರೆ. ಅಮೆರಿಕದ ಮಿನ್ನೆಸೋಟ ಪ್ರಾಂತದ ಜಾನ್ ಬ್ರೇನಾರ್ಡ್ ಎಂಬ ವೈದ್ಯರು, ಬರಿಹೊಟ್ಟೆಯಲ್ಲಿ ಉಪ್ಪು ಸವರಿದ ಕುರುಕಲು ತಿಂಡಿಗಳನ್ನು ತಿನ್ನುವುದರಿಂದ ಅರೆತಲೆನೋವು ಬರಬಹುದೆಂದು 1976ರಲ್ಲಿ ಬರೆದರು. ಅವರು ನೋಡಿದ ರೋಗಿಗಳು ಕೆಲವರೇ. ಹೋಲಿಸಲು ಇನ್ನೊಂದು ಗುಂಪಿರಲಿಲ್ಲ. ಆದುದರಿಂದ ಅದು ಒಂದು ಸುಳಿವು, ಸಾಕ್ಷ್ಯವಲ್ಲ.

ಇದಕ್ಕಿಂತ ಕಟ್ಟುನಿಟ್ಟಾದ ಪ್ರಯೋಗವೊಂದು ರಕ್ತದ ಒತ್ತಡದ ಸಂಬಂಧದಲ್ಲಿ ಅಮೆರಿಕದಲ್ಲಿ ನಡೆಯಿತು. ಅದರ ಹೆಸರು ಡ್ಯಾಶ್-ಸೋಡಿಯಂ. ಮುಖ್ಯ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ರಕ್ತದ ಒತ್ತಡ ತುಸು ಏರಿದ್ದ ನಾನ್ನೂರಕ್ಕೂ ಹೆಚ್ಚು ವಯಸ್ಕರಿಗೆ ಎಲ್ಲ ಆಹಾರವನ್ನೂ ಸಂಶೋಧಕರೇ ಸಿದ್ಧಪಡಿಸಿ ಕೊಟ್ಟರು. ಅರ್ಧ ಮಂದಿಗೆ ಅಲ್ಲಿನ ಸಾಮಾನ್ಯ ಆಹಾರ, ಅರ್ಧ ಮಂದಿಗೆ ಹಣ್ಣು ತರಕಾರಿಗಳು ಹೆಚ್ಚಾಗಿರುವ ಆಹಾರ. ಎರಡು ಗುಂಪಿನವರೂ ಒಂದು ತಿಂಗಳು ದಿನಕ್ಕೆ ಸುಮಾರು 9 ಗ್ರಾಂ, ಒಂದು ತಿಂಗಳು 6 ಗ್ರಾಂ, ಒಂದು ತಿಂಗಳು 3 ಗ್ರಾಂ ಉಪ್ಪಿನ ಊಟ ಮಾಡಿದರು. ಯಾವ ತಿಂಗಳು ಯಾವುದೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. ತಲೆನೋವು ಬಂದಿತ್ತೇ ಎಂದು ಪ್ರತಿ ಹಂತದಲ್ಲೂ ಕೇಳಿ ಬರೆದುಕೊಂಡಿದ್ದರು. ಆ ಬರಹವನ್ನು ಸಂಶೋಧಕರು ತೆಗೆದು ಲೆಕ್ಕ ಹಾಕಿ 2014ರಲ್ಲಿ ಪ್ರಕಟಿಸಿದರು. ಉಪ್ಪು ಅತಿ ಕಡಿಮೆ ಇದ್ದ ತಿಂಗಳಲ್ಲಿ, ಹೆಚ್ಚಿದ್ದ ತಿಂಗಳಿಗಿಂತ, ತಲೆನೋವಿನ ಸಂಭವ ಸುಮಾರು ಶೇಕಡ 30ರಷ್ಟು ಕಡಿಮೆಯಾಗಿತ್ತು. ಹಣ್ಣು ತರಕಾರಿಗಳಿಂದ ಮಾತ್ರ ಆ ವಿಷಯದಲ್ಲಿ ವ್ಯತ್ಯಾಸವಾಗಲಿಲ್ಲ. ದೊಡ್ಡಪ್ಪನವರು ಇದನ್ನು ಓದಿದ್ದರೆ ಮೀಸೆ ತಿರುವುತ್ತಿದ್ದರು.

ಆದರೆ ಅಲ್ಲಿ ಕೇಳಿದ್ದು “ತಲೆನೋವು ಬಂತೆ?” ಎಂದು, “ಅರೆತಲೆನೋವು ಬಂತೆ?” ಎಂದಲ್ಲ. ಎರಡನ್ನೂ ಒಂದೇ ಬುಟ್ಟಿಗೆ ಹಾಕಲಾಗದು.

ಇದಾದ ಎರಡೇ ವರ್ಷಗಳಲ್ಲಿ, 2016ರಲ್ಲಿ, ಇದಕ್ಕೆ ತೀರ ಎದುರಾದ ಒಂದು ಫಲಿತಾಂಶ ಹೊರಬಂತು. ಮೇಲೆ ಹೇಳಿದ ಹ್ಯಾರಿಂಗ್ಟನ್ನರೂ ಆ ತಂಡದಲ್ಲಿದ್ದರು. ಅಮೆರಿಕ ಸರ್ಕಾರ ನಡೆಸಿದ ಆರೋಗ್ಯ ಮತ್ತು ಪೋಷಣೆಯ ಸಮೀಕ್ಷೆಯ 1999ರಿಂದ 2004ರವರೆಗಿನ ದಾಖಲೆಗಳಿಂದ 8,819 ಮಂದಿಯ ವಿವರಗಳನ್ನು ಅವರು ಪರಿಶೀಲಿಸಿದರು. ಆಹಾರದಲ್ಲಿ ಸೋಡಿಯಂ ಹೆಚ್ಚಾಗಿದ್ದವರಲ್ಲಿ ಅರೆತಲೆನೋವು ಅಥವಾ ಉಗ್ರವಾದ ತಲೆನೋವು ಕಡಿಮೆಯೆಂದು ಕಂಡುಬಂತು. ಈ ಸಲ ಮೀಸೆ ಇಲ್ಲದಿದ್ದರೂ ಅಜ್ಜಿಯ ಸರದಿ!

ಎರಡೂ ಪ್ರಾಮಾಣಿಕವಾದ ಕೆಲಸಗಳೇ. ಮತ್ತೇಕೆ ಹೀಗೆ? ಮೊದಲನೆಯದರಲ್ಲಿ ಸಂಶೋಧಕರು ಉಪ್ಪನ್ನು ತಾವೇ ಬದಲಾಯಿಸಿ ಫಲವನ್ನು ನೋಡಿದರು, ಅದು ಪ್ರಯೋಗ. ಎರಡನೆಯದರಲ್ಲಿ ಜನರು ಹೇಗಿದ್ದರೋ ಹಾಗೆಯೇ ಅವರನ್ನು ಕೇಳಿ ಬರೆದುಕೊಂಡರು, ಅದು ಸಮೀಕ್ಷೆ. ಸಮೀಕ್ಷೆಯಲ್ಲಿ ಎರಡು ಸಂಗತಿಗಳು ಜೊತೆಯಾಗಿ ಕಾಣಿಸಿದರೆ, ಯಾವುದು ಯಾವುದನ್ನು ಎಳೆದು ತಂದಿತೆಂದು ತಿಳಿಯುವುದಿಲ್ಲ. ಉಪ್ಪು ನೋವನ್ನು ತಡೆದಿರಬಹುದು. ಅಥವಾ ನೋವಿಗೆ ಹೆದರಿದವರೇ ಉಪ್ಪಿನ ತಿಂಡಿಗಳನ್ನು ಬಿಟ್ಟಿರಬಹುದು. ಅಥವಾ ಓಕರಿಕೆಯಿಂದ ಅವರು ಎಲ್ಲ ಆಹಾರವನ್ನೂ ಕಡಿಮೆ ತಿಂದಿರಬಹುದು. ಒಂದು ದಿನದ ಊಟವನ್ನು ನೆನಪಿನಿಂದ ಹೇಳಿಸುವುದೂ ಅಷ್ಟು ನೆಚ್ಚಬಹುದಾದ ಅಳತೆಯಲ್ಲ. ನಿನ್ನೆಯ ಸಾರಿಗೆ ಎಷ್ಟು ಉಪ್ಪು ಬಿದ್ದಿತ್ತೆಂದು ನಿಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲಿರಿ?

ಇನ್ನೊಂದು ತೊಡಕು ಇದೆ. ನನಗೆ ಅದೇ ಎಲ್ಲಕ್ಕಿಂತ ಸ್ವಾರಸ್ಯವಾಗಿ ಕಾಣುತ್ತದೆ. ಅರೆತಲೆನೋವು ತಲೆ ನೋಯುವಾಗ ಆರಂಭವಾಗುವುದಿಲ್ಲ. ಅದಕ್ಕೆ ಹಲವು ಗಂಟೆಗಳ ಮೊದಲೇ, ಕೆಲವರಲ್ಲಿ ಒಂದೆರಡು ದಿನಗಳ ಮೊದಲೇ, ಮಿದುಳಿನಲ್ಲಿ ಏರುಪೇರು ಶುರುವಾಗಿರುತ್ತದೆ. ಆಕಳಿಕೆ ಮೇಲೆ ಆಕಳಿಕೆ, ಕತ್ತಿನ ಬಿಗಿತ, ಕಾರಣವಿಲ್ಲದ ಸಿಡುಕು, ಮತ್ತು ಕೆಲವರಿಗೆ ಸಿಹಿಯನ್ನೋ ಉಪ್ಪನ್ನೋ ತಿನ್ನಬೇಕೆಂಬ ಅದಮ್ಯವಾದ ಆಸೆ. ಹಾಗೆ ಆಸೆಪಟ್ಟು ಉಪ್ಪಿನ ಸಂಡಿಗೆಯನ್ನು ತಿಂದವರಿಗೆ ಮಾರನೆಯ ದಿನ ನೋವು ಬಂದರೆ ಅವರು ಏನೆಂದುಕೊಳ್ಳುತ್ತಾರೆ? ಸಂಡಿಗೆಯಿಂದ ನೋವು ಬಂತೆಂದು. ನಿಜವಾಗಿ ಬರುತ್ತಿದ್ದ ನೋವೇ ಸಂಡಿಗೆಯನ್ನು ತಿನ್ನಿಸಿರಬಹುದು! ಮೋಡ ಕಂಡು ಕೊಡೆ ಹಿಡಿದು ಹೊರಟವನನ್ನು ನೋಡಿ, ಕೊಡೆಯಿಂದಲೇ ಮಳೆ ಬಂತೆಂದು ಹೇಳಿದಂತೆ.

ಇಷ್ಟು ತಿಳಿದ ಮೇಲೆ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು. ಅರೆತಲೆನೋವಿಗೆಂದು ಉಪ್ಪನ್ನು ಪೂರ್ತಿ ಬಿಡುವುದಕ್ಕೂ ಆಧಾರವಿಲ್ಲ. ಉಪ್ಪುನೀರನ್ನು ಔಷಧಿಯಂತೆ ಕುಡಿಯುವುದಕ್ಕೂ ಆಧಾರವಿಲ್ಲ. ಮಿತಿಮೀರಿ ತಿನ್ನದಿರಲು ಬೇರೆ ಬಲವಾದ ಕಾರಣವಿದೆ. ಅದು ರಕ್ತದ ಒತ್ತಡ. ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದಲ್ಲಿ ನಡೆದ ಅಧ್ಯಯನಗಳು ನಾವು ಸರಾಸರಿ 8ರಿಂದ 11 ಗ್ರಾಮಿನಷ್ಟು ತಿನ್ನುತ್ತೇವೆಂದು ತೋರಿಸಿವೆ. ಪೊಟ್ಟಣದ ತಿಂಡಿಯ ಮೇಲೆ ಉಪ್ಪಿನ ಬದಲು ಸೋಡಿಯಮಿನ ಪ್ರಮಾಣವನ್ನು ಅಚ್ಚು ಮಾಡಿರುತ್ತಾರೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಚರಕ ಸಂಹಿತೆಯೂ ಅತಿಯಾಗಿ ಬಳಸಬಾರದ ಮೂರು ವಸ್ತುಗಳಲ್ಲಿ ಉಪ್ಪನ್ನು ಹೆಸರಿಸಿ, ಹಾಲಿನ ಜೊತೆಗೂ ಉಪ್ಪು ತಿನ್ನುವ ಪ್ರಾಂತಗಳ ಜನರನ್ನು ನಿದರ್ಶನವಾಗಿ ತೋರಿಸುತ್ತದೆ! ಆದರೆ ರಕ್ತದ ಒತ್ತಡ ಏರಿದರೆ ತಲೆ ನೋಯುತ್ತದೆ, ನೋಯದಿದ್ದರೆ ಒತ್ತಡ ಸರಿಯಾಗಿದೆ ಎಂಬ ನಂಬಿಕೆ ಅಪಾಯಕಾರಿ. ತೀರ ವಿಪರೀತವಾಗಿ ಏರಿದಾಗಲಲ್ಲದೆ ಅದು ಸಾಮಾನ್ಯವಾಗಿ ಸದ್ದಿಲ್ಲದೆಯೇ ಇರುತ್ತದೆ. ಅಳೆದೇ ತಿಳಿಯಬೇಕು.

ಅರೆತಲೆನೋವಿಗೆ ಇಂದು ಒಳ್ಳೆಯ ಔಷಧಿಗಳಿವೆ. ವೈದ್ಯರು ಹೇಳಿದಂತೆ ತೆಗೆದುಕೊಳ್ಳಬೇಕು. ಅಂಗಡಿಯಿಂದ ನೋವಿನ ಮಾತ್ರೆಗಳನ್ನು ತಂದು ತಿಂಗಳಲ್ಲಿ ಹತ್ತು ಹದಿನೈದು ದಿನ ನುಂಗುತ್ತಿದ್ದರೆ ಆ ಮಾತ್ರೆಗಳೇ ತಲೆನೋವಿಗೆ ಕಾರಣವಾಗುತ್ತವೆ. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ನೋವು, ಜ್ವರ ಮತ್ತು ಕತ್ತಿನ ಬಿಗಿತದೊಡನೆ ಬಂದ ನೋವು, ಕೈಕಾಲು ಅಥವಾ ಮಾತು ಸೋತಾಗಿನ ನೋವು, ಇವುಗಳಲ್ಲಿ ನಿಂಬೆಹಣ್ಣನ್ನು ಹುಡುಕುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಚಿಕ್ಕಮ್ಮನ ವಿಷಯವನ್ನು ಹೇಳಿ ಮುಗಿಸುತ್ತೇನೆ. ನಾನು ಕಾಲೇಜಿಗೆ ಸೇರಿದ ವರ್ಷ ರಜೆಗೆ ಬಂದಾಗ, ಅವರನ್ನು ನೋಡಿದ ವೈದ್ಯರು ಒಂದು ಕೆಲಸ ಹೇಳಿದ್ದರು. ನೋವು ಬಂದ ದಿನವನ್ನು ಗುರುತು ಮಾಡುವುದು. ಅದರ ಜೊತೆಗೆ ಆ ದಿನದ ಮತ್ತು ಹಿಂದಿನ ದಿನದ ಊಟ, ನಿದ್ದೆ, ಆಯಾಸಗಳನ್ನೂ ಬರೆಯುವುದು. ಕಿರಾಣಿ ಅಂಗಡಿಯವರು ಕೊಟ್ಟ ಗೋಡೆಯ ಕ್ಯಾಲೆಂಡರನ್ನೇ ನಾವು ಅದಕ್ಕೆ ಬಳಸಿದೆವು. ನೋವಿಗೆ ಕೆಂಪು ಸುತ್ತು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಹೆಚ್ಚಾಗಿ ತಿಂದ ದಿನಕ್ಕೆ ‘ಉ’ ಎಂಬ ಅಕ್ಷರ. ನೋವು ಬಾರದ ದಿನಗಳಲ್ಲೂ ‘ಉ’ ಬರೆಯಬೇಕೆಂದು ವೈದ್ಯರು ಒತ್ತಿ ಹೇಳಿದ್ದರು. ಏಕೆಂಬುದು ನನಗೆ ಆಗ ತಿಳಿಯಲಿಲ್ಲ. ಕೆಲವು ತಿಂಗಳುಗಳ ಹಾಳೆಗಳನ್ನು ಮಗುಚಿದಾಗ ತಿಳಿಯಿತು. ‘ಉ’ಗಳು ಹಾಳೆಯ ತುಂಬ ಚೆಲ್ಲಿದ್ದುವು, ಅವುಗಳಲ್ಲಿ ಹೆಚ್ಚಿನವುಗಳ ಸುತ್ತ ಮುತ್ತ ಕೆಂಪು ಇರಲೇ ಇಲ್ಲ. ಕೆಂಪು ಸುತ್ತುಗಳು ಗುಂಪು ಕಟ್ಟಿದ್ದುದು ಬೇರೆ ಕಡೆ: ಗೌರಿಹಬ್ಬ, ಪಿತೃಪಕ್ಷ, ಸೋದರತ್ತೆಯ ಮಗಳ ಮದುವೆ. ಆ ದಿನಗಳ ಎದುರಿಗೆ ಚಿಕ್ಕಮ್ಮ ತಮ್ಮ ಸಣ್ಣ ಅಕ್ಷರಗಳಲ್ಲಿ ಬರೆದಿದ್ದರು: “ಊಟ ಮೂರೂವರೆಗೆ.” “ಊಟ ನಾಲ್ಕಕ್ಕೆ.” “ರಾತ್ರಿ ನಿದ್ದೆಯಿಲ್ಲ.” ಅಡುಗೆ ಮಾಡಿದವರು ಅವರೇ, ಗಂಡಸರು, ಮಕ್ಕಳು, ನೆಂಟರು, ಎಲ್ಲರ ಪಂಕ್ತಿಯೂ ಎದ್ದ ಮೇಲೆ ಕೊನೆಗೆ ಕೂರುತ್ತಿದ್ದವರೂ ಅವರೇ. ಹೊತ್ತು ಮೀರಿದ ಹಸಿವೂ ನಿದ್ದೆಗೇಡೂ ಅರೆತಲೆನೋವನ್ನು ಕೆರಳಿಸಬಲ್ಲವೆಂದು ವೈದ್ಯರೆಲ್ಲರೂ ಬಲ್ಲರು. ಒಂದು ಮನೆಯ ಕ್ಯಾಲೆಂಡರು ಲೋಕಕ್ಕೆಲ್ಲ ಪ್ರಮಾಣವಾಗದು. ಆ ಮನೆಗೆ ಅದು ಸಾಕಾಗಿತ್ತು.

ಅಜ್ಜಿಗೆ ಓದು ಬಾರದು. ಹಾಳೆಗಳನ್ನು ನಾನೇ ಓದಿ ಹೇಳಿದೆ. ಅವರು ನಿಂಬೆಹಣ್ಣಿನ ಮಾತನ್ನೂ ಎತ್ತಲಿಲ್ಲ, ದೊಡ್ಡಪ್ಪನವರ ಮಾತನ್ನೂ ಎತ್ತಲಿಲ್ಲ. ಮುಂದಿನ ಯುಗಾದಿಯ ದಿನ ಮೊದಲ ಪಂಕ್ತಿಗೆ ಎಲೆ ಹಾಕುವಾಗ, ದೊಡ್ಡಪ್ಪನವರ ಎದುರು ಸಾಲಿನಲ್ಲಿ ಒಂದು ಎಲೆಯನ್ನು ಹೆಚ್ಚಾಗಿ ಹಾಕಿಸಿ, ಒಲೆಯ ಮುಂದಿದ್ದ ಚಿಕ್ಕಮ್ಮನನ್ನು ಕರೆದು ಕೂರಿಸಿದರು. ಬಡಿಸಲು ತಾವೇ ನಿಂತರು. ಎಲೆಯ ತುದಿಗೆ ಎಂದಿನಂತೆ ಒಂದು ಚಿಟಿಕೆ ಉಪ್ಪು ಹಾಕಿದರು.